ಬಿಸಿಲಲ್ಲ, ಸೆಕೆ: ರಜೆಯ ಮೈದಾನದಲ್ಲಿ 34 ಡಿಗ್ರಿಯೇ ಯಾಕೆ ಅಪಾಯ?

ಕೇರಳದ ಶಾಲೆಗಳಿಗೆ ಮಾರ್ಚ್ ಕೊನೆಗೆ ರಜೆ, ಕರ್ನಾಟಕದ ಕಡೆಯವರಿಗೆ ಏಪ್ರಿಲ್ ಎರಡನೇ ವಾರಕ್ಕೆ. ಅಲ್ಲಿಂದ ಮೇ ಮುಗಿಯುವವರೆಗೆ ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲದ ಕಡೆ ಒಂದು ಭಾನುವಾರವೂ ಖಾಲಿ ಇರುವುದಿಲ್ಲ. ಕುಟುಂಬ ಸಂಗಮ, ಹಳೆ ವಿದ್ಯಾರ್ಥಿಗಳ ಮೀಟ್, ಸಾಮೂಹಿಕ ಮದುವೆ, ಉರೂಸ್, ಅಂಡರ್‌ಆರ್ಮ್ ಕ್ರಿಕೆಟ್, ಸೆವೆನ್ಸ್ ಫುಟ್ಬಾಲ್. ಗಲ್ಫಿನಿಂದ ರಜೆಗೆ ಬಂದವರನ್ನೂ ಸೇರಿಸಿಕೊಂಡು ಎಲ್ಲವೂ ಈ ಎರಡು ತಿಂಗಳಲ್ಲೇ ಆಗಬೇಕು. ಮಳೆ ಶುರುವಾದರೆ ಮೈದಾನ ಇಲ್ಲ.

ಕಾರ್ಡಿನಲ್ಲಿ ಬೆಳಗ್ಗೆ 9.30 ಅಂತ ಇರುತ್ತದೆ. ಹತ್ತು ಗಂಟೆಗೆ ಕುರ್ಚಿ ತುಂಬುತ್ತದೆ. ಮುಖ್ಯ ಅತಿಥಿಯ ಕಾರು ಬರುವಾಗ 11.45. ಸ್ವಾಗತಕ್ಕೆ ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ಒಬ್ಬಳು ಹತ್ತು ನಿಮಿಷ ಮೊದಲೇ ಕುಸಿದು ಕೂತಿರುತ್ತಾಳೆ. "ಬೆಳಗ್ಗೆ ಏನೂ ತಿಂದಿಲ್ಲ ಕಾಣ್ತದೆ" ಅಂತ ಒಬ್ಬರು, "ಸ್ವಲ್ಪ ನೀರು ಕೊಡಿ, ಸರಿ ಆಗ್ತದೆ" ಅಂತ ಇನ್ನೊಬ್ಬರು. ಯಾರೋ ಮೊಬೈಲ್ ತೆಗೆದು ನೋಡಿ ಹೇಳುತ್ತಾರೆ, "34 ಡಿಗ್ರಿ ಅಷ್ಟೇ ಅಲ್ವಾ? ರಿಯಾದ್‌ನಲ್ಲಿ 45ರಲ್ಲಿ ಕೆಲಸ ಮಾಡಿದವರು ನಾವು!"

ಈ ಮಾತು ಕೇಳದ ಮೈದಾನ ಈ ಕಡೆ ಇಲ್ಲ. ತಪ್ಪು ಶುರುವಾಗುವುದೂ ಇಲ್ಲಿಂದಲೇ.

ಕರಾವಳಿಯ ಕನ್ನಡದಲ್ಲಿ 'ಬಿಸಿಲು' ಬೇರೆ, 'ಸೆಕೆ' ಬೇರೆ. ಬಳ್ಳಾರಿ, ರಾಯಚೂರಿನವರಿಗೆ ಬಿಸಿಲೇ ದೊಡ್ಡ ಸಂಕಟ. ನೆರಳಿಗೆ ಹೋದರೆ ಅರ್ಧ ಸಮಾಧಾನ ಸಿಗುತ್ತದೆ. ನಮ್ಮ ಸೆಕೆ ಹಾಗಲ್ಲ. ಅದು ನೆರಳಿಗೂ ಬರುತ್ತದೆ, ಮನೆಯೊಳಗೂ ಬರುತ್ತದೆ, ರಾತ್ರಿ ಎರಡು ಗಂಟೆಗೂ ಬಿಡುವುದಿಲ್ಲ. ಈ ವ್ಯತ್ಯಾಸವನ್ನು ಹಿರಿಯರು ಶಬ್ದದಲ್ಲೇ ಇಟ್ಟಿದ್ದಾರೆ. ವಿಜ್ಞಾನ ಹೇಳುವುದೂ ಅದನ್ನೇ.

ಮನುಷ್ಯನ ಮೈ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಚರ್ಮ ಸುಮಾರು 35. ಹೊರಗಿನ ಗಾಳಿ ತಂಪಾಗಿದ್ದರೆ ಮೈಯ ಬಿಸಿ ತಾನಾಗಿಯೇ ಹೊರಗೆ ಹೋಗುತ್ತದೆ. ಗಾಳಿಯೂ 34-35 ಆಯಿತೆಂದರೆ ಆ ದಾರಿ ಬಂದ್. ಆಮೇಲೆ ಉಳಿಯುವುದು ಒಂದೇ ದಾರಿ, ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಮೈಯಿಂದ ತೆಗೆದುಕೊಂಡು ಹೋಗುತ್ತದೆ. ಆದರೆ 'ಆವಿಯಾದರೆ' ಮಾತ್ರ. ಹಣೆಯಿಂದ ಹನಿ ಹನಿಯಾಗಿ ಕೆಳಗೆ ಬಿದ್ದ ಬೆವರಿನಿಂದ, ಅಂಗಿ ಒದ್ದೆ ಮಾಡಿದ ಬೆವರಿನಿಂದ ದೇಹಕ್ಕೆ ನಷ್ಟವೇ ಹೊರತು ಲಾಭ ಇಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಬಿಸಿ ಮಾತ್ರ ಅಲ್ಲೇ ಉಳಿಯಿತು.

ಮಣ್ಣಿನ ಹೂಜಿಯ ಕಥೆಯೂ ಇದೇ. ಒಣ ಊರಿನಲ್ಲಿ ಹೂಜಿಯ ನೀರು ಫ್ರಿಜ್‌ನ ಹಾಗೆ ತಣ್ಣಗಾಗುತ್ತದೆ. ನಮ್ಮ ಕಡೆ ಅಷ್ಟು ಆಗುವುದಿಲ್ಲ. ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಹೂಜಿಯ ನೀರು ಎಲ್ಲಿಗೆ ಆರಬೇಕು? ಮನುಷ್ಯನ ಮೈಯೂ ಒಂದು ಹೂಜಿ.

ಏಪ್ರಿಲ್-ಮೇಯಲ್ಲಿ ಈ ನೀರು ಎಲ್ಲಿಂದ ಬರುತ್ತದೆ ಅಂದರೆ, ಪಕ್ಕದ ಕಡಲಿನಿಂದಲೇ. ಮಳೆಗಾಲಕ್ಕೆ ಮೊದಲು ಅರಬ್ಬಿ ಸಮುದ್ರದ ಈ ತೆಂಕಣ ಭಾಗದ ಮೇಲ್ಮೈ ನೀರು 30 ಡಿಗ್ರಿ ದಾಟಿರುತ್ತದೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಎಲೆಯೂ ಅಲ್ಲಾಡುವುದಿಲ್ಲ. ಕಡಲಗಾಳಿ ಏಳುವುದೇ ಆಮೇಲೆ. ಅದು ಬಂದಾಗ ಹಾಯ್ ಅನಿಸುತ್ತದೆ ನಿಜ, ಆದರೆ ತೇವವನ್ನೂ ಹೊತ್ತು ತರುತ್ತದೆ. ಕಾರ್ಯಕ್ರಮದ ಮೈದಾನ ಮುರಕಲ್ಲಿನ ಪದವಿನಲ್ಲಿದ್ದರಂತೂ ಕೇಳುವುದೇ ಬೇಡ. ಆ ಕೆಂಪು ಕಲ್ಲು ಹತ್ತು ಗಂಟೆಗೇ ಕಾದು ಕೆಳಗಿನಿಂದಲೂ ಬಿಸಿ ಕೊಡಲು ಶುರು ಮಾಡುತ್ತದೆ.

ಲೆಕ್ಕ ಹಾಕಿ ನೋಡುವವರಿಗೆ ಒಂದು ಅಳತೆ ಇದೆ, ಹೀಟ್ ಇಂಡೆಕ್ಸ್. ಉಷ್ಣತೆ ಮತ್ತು ಗಾಳಿಯ ತೇವಾಂಶ ಎರಡನ್ನೂ ಸೇರಿಸಿ 'ಮೈಗೆ ಎಷ್ಟು ಅನಿಸುತ್ತದೆ' ಅಂತ ಹೇಳುವುದು. ಬಳ್ಳಾರಿ ಕಡೆ 42 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಮೈಗೆ ಅನಿಸುವುದು ಸುಮಾರು 42. ನಮ್ಮಲ್ಲಿ 34 ಡಿಗ್ರಿ, ತೇವಾಂಶ ಶೇ. 60 ಇದ್ದರೆ? ಅದೂ ಸುಮಾರು 42! ತೇವಾಂಶ ಶೇ. 70ಕ್ಕೆ ಏರಿದರೆ 46-47. ಇದು ನೆರಳಿನ ಲೆಕ್ಕ. ನೇರ ಬಿಸಿಲಲ್ಲಿ ನಿಂತವರಿಗೆ ಇದರ ಮೇಲೆ ಇನ್ನೂ ಎಂಟು ಡಿಗ್ರಿಯವರೆಗೆ ಸೇರಬಹುದು. ರಿಯಾದ್‌ನ ಒಣ 45ಕ್ಕೂ ಉಪ್ಪಳದ ಒದ್ದೆ 34ಕ್ಕೂ ಹೋಲಿಕೆ ಮಾಡುವವರು ಈ ಲೆಕ್ಕ ಒಮ್ಮೆ ನೋಡಬೇಕು. ಜಿದ್ದಾ, ದಮ್ಮಾಮ್‌ನಲ್ಲಿ ದುಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರಿಗೆ ಗೊತ್ತು. ಹವಾಮಾನ ಇಲಾಖೆಯೂ ಬಿಸಿಗಾಳಿ ಘೋಷಿಸಲು ಬಯಲು ಸೀಮೆಗೆ 40 ಡಿಗ್ರಿ ಇಟ್ಟರೆ ಕರಾವಳಿಗೆ 37 ಇಟ್ಟಿರುವುದು ಸುಮ್ಮನೆ ಅಲ್ಲ.

ಇನ್ನು ಜನಜಂಗುಳಿ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವಾಟ್ ಬಿಸಿ ಹೊರಗೆ ಬಿಡುತ್ತಾನೆ, ಹಳೇ ಕಾಲದ ನೂರು ವಾಟಿನ ಒಂದು ಬಲ್ಬಿನಷ್ಟು. ಶಾಮಿಯಾನದ ಕೆಳಗೆ ಸಾವಿರ ಜನ ಕೂತರೆ ಸಾವಿರ ಬಲ್ಬ್ ಉರಿದ ಹಾಗೆ. ಜೊತೆಗೆ ಸಾವಿರ ಜನರ ಉಸಿರು, ಸಾವಿರ ಜನರ ಬೆವರು. ಮೊಬೈಲ್ ತೋರಿಸುವ ತೇವಾಂಶ ಹೊರಗಿನ ಬಯಲಿನದ್ದು, ಒಳಗಿನದ್ದು ಬೇರೆಯೇ ಇರುತ್ತದೆ. ಮೇಲೆ ತಗಡಿನ ಶೀಟ್ ಹಾಕಿದ್ದರೆ ಅದು ಕಾದು ತಲೆಯ ಮೇಲೆ ಹಂಚಿನ ಹಾಗೆ ಕೆಲಸ ಮಾಡುತ್ತದೆ. ಮೊದಲು ಮದುವೆಗೆ, ಉರೂಸಿಗೆ ಹಾಕುತ್ತಿದ್ದ ಮಡಲಿನ ಚಪ್ಪರ ನೋಡಲು ಗ್ರ್ಯಾಂಡ್ ಇರಲಿಲ್ಲ. ಆದರೆ ಹೆಣೆದ ತೆಂಗಿನ ಗರಿ ಬಿಸಿ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ, ಸಂದಿನಿಂದ ಗಾಳಿಯೂ ಆಡುತ್ತಿತ್ತು. ಈಗ ಮಡಲು ಹೆಣೆಯುವವರೇ ಸಿಗುವುದಿಲ್ಲ, ಸಿಕ್ಕರೂ ಬೆಂಕಿಯ ಭಯ. ತಗಡೇ ಗತಿ ಅಂದರೆ ಕಡಿಮೆ ಪಕ್ಷ ಎತ್ತರಕ್ಕೆ ಕಟ್ಟಿಸಬೇಕು, ನಾಲ್ಕೂ ಬದಿ ತೆರೆದಿಡಬೇಕು.

ಫ್ಯಾನ್ ವಿಷಯದಲ್ಲಿ ಒಂದು ಗೊಂದಲ ಇದೆ. 'ಬಿಸಿಯಲ್ಲಿ ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಹೊಡೆಯುವುದು' ಎಂಬ ಮಾತು 40 ಡಿಗ್ರಿ ದಾಟುವ ಊರಿಗೆ ಸರಿ. ನಮ್ಮ 33-34ಕ್ಕೆ ಫ್ಯಾನ್ ತುಂಬಾ ಉಪಕಾರಿ, ಚರ್ಮಕ್ಕೆ ಅಂಟಿದ ಒದ್ದೆ ಗಾಳಿಯನ್ನು ಅದು ತಳ್ಳುತ್ತದೆ. ಆದರೆ ನೀರು ಚಿಮ್ಮಿಸುವ ಮಿಸ್ಟ್ ಫ್ಯಾನ್, ನೀರು ತುಂಬಿಸುವ ಏರ್ ಕೂಲರ್, ಇವೆರಡೂ ಒಣ ಊರಿನ ಸಾಮಾನು. ಬದಿಗಳಿಗೆ ಬಟ್ಟೆ ಕಟ್ಟಿದ ಶಾಮಿಯಾನದೊಳಗೆ ಅವನ್ನು ಇಟ್ಟರೆ ಮೊದಲೇ ಒದ್ದೆಯಾದ ಗಾಳಿಗೆ ಇನ್ನಷ್ಟು ನೀರು ಸೇರಿಸಿದ ಹಾಗೆ. ಬಾಡಿಗೆಗೆ ಕೊಡುವವರು ಒಳ್ಳೆಯ ಐಟಂ ಅಂತಲೇ ಹೇಳುತ್ತಾರೆ. ಅದೇ ದುಡ್ಡಿಗೆ ಎರಡು ಸಾದಾ ದೊಡ್ಡ ಫ್ಯಾನ್ ಹೆಚ್ಚು ತೆಗೆದುಕೊಂಡರೆ ಜಾಣತನ.

ಇದೆಲ್ಲ ಪುಸ್ತಕದ ಮಾತಾಯಿತು ಅನಿಸಿದರೆ ಎರಡು ಘಟನೆ ನೆನಪಿಸಿಕೊಳ್ಳಬಹುದು. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್ಘರ್‌ನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಿತು. ಲಕ್ಷಾಂತರ ಜನ ತೆರೆದ ಮೈದಾನದಲ್ಲಿ ಗಂಟೆಗಟ್ಟಲೆ ಬಿಸಿಲಲ್ಲೇ ಕೂತಿದ್ದರು. ಆ ದಿನದ ಗರಿಷ್ಠ ಉಷ್ಣತೆ ಸುಮಾರು 38 ಡಿಗ್ರಿ. ಪತ್ರಿಕೆಯ ಮುಖಪುಟಕ್ಕೆ ಬರುವಂಥ ಅಂಕಿಯೇ ಅಲ್ಲ. 14 ಮಂದಿ ತೀರಿಕೊಂಡರು. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ಬೀಚಿನಲ್ಲಿ ವಾಯುಪಡೆಯ ವಿಮಾನ ಪ್ರದರ್ಶನ ನೋಡಲು ಸೇರಿದ ಲಕ್ಷಾಂತರ ಜನರಲ್ಲಿ 5 ಮಂದಿ ಸತ್ತರು, ಅಲ್ಲಿಯೂ ಸೆಕೆ ಮತ್ತು ನೂಕುನುಗ್ಗಲು. ಎರಡೂ ಕಡಲ ಬದಿಯ ಊರು. ಎರಡೂ ಕಡೆ ಜನ ಬಂದದ್ದು ಸಂತೋಷಕ್ಕೆ, ರಜೆಯ ದಿನ, ಮನೆಮಂದಿಯ ಜೊತೆ. ಎರಡೂ ದಿನ ಭಾನುವಾರ.

ನಮ್ಮವರಿಗೆ ಹೆಚ್ಚು ತಟ್ಟಿದ್ದು 2024ರ ಹಜ್. ಮಕ್ಕಾದಲ್ಲಿ 51.8 ಡಿಗ್ರಿ ದಾಖಲಾದ ಆ ವರ್ಷ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ಹೇಳಿತು. ಅವರಲ್ಲಿ ಶೇ. 83ರಷ್ಟು ಜನ ಪರವಾನಗಿ ಇಲ್ಲದೆ ಹೋದವರು. ಅಂದರೆ ಎ.ಸಿ. ಟೆಂಟ್, ಬಸ್ ಸಿಗದೆ ಬಿಸಿಲಲ್ಲೇ ಉದ್ದಕ್ಕೆ ನಡೆದವರು. ಬಿಸಿ ಎಲ್ಲರಿಗೂ ಒಂದೇ ಇತ್ತು. ನೆರಳು ಮತ್ತು ವಿಶ್ರಾಂತಿಗೆ ಜಾಗ ಇದ್ದವರು, ಇಲ್ಲದವರು ಎಂಬುದೇ ದೊಡ್ಡ ವ್ಯತ್ಯಾಸವಾಯಿತು.

ಈಗ ನಮ್ಮ ಮೈದಾನಕ್ಕೆ ಬರೋಣ. ಇಲ್ಲಿ ನೆರಳು, ಗಾಳಿ ಯಾರಿಗೆ ಸಿಗುತ್ತದೆ? ವೇದಿಕೆಗೆ. ಸ್ಟೇಜಿನ ಮೇಲೆ ನಾಲ್ಕು ಫ್ಯಾನ್, ಎದುರಿನ ಮೊದಲ ಎರಡು ಸಾಲಿಗೆ ಎರಡು. ಹೆಂಗಸರ ವಿಭಾಗ ಎಲ್ಲಿ ಇರುತ್ತದೆ? ಹಿಂದೆ ಅಥವಾ ಬದಿಗೆ, ಮೂರೂ ಕಡೆ ಬಟ್ಟೆ ಕಟ್ಟಿ. ಮರೆ ಬೇಕು, ಸರಿ. ಆದರೆ ಮರೆ ಕಟ್ಟಿದವರಿಗೆ ಗಾಳಿಯೂ ನಿಂತಿತು ಅಂತ ಹೊಳೆಯುವುದಿಲ್ಲ. ಕೈಕೂಸು, ಸಣ್ಣ ಮಕ್ಕಳು, ವಯಸ್ಸಾದ ಉಮ್ಮಂದಿರು, ಗರ್ಭಿಣಿಯರು ಎಲ್ಲರೂ ಆ ಬಟ್ಟೆಯ ಒಳಗೇ ಇರುವುದು. ಸೆಕೆಯಿಂದ ಅತಿ ಬೇಗ ತೊಂದರೆಗೆ ಸಿಕ್ಕುವವರನ್ನೆಲ್ಲ ಒಟ್ಟು ಸೇರಿಸಿ ಗಾಳಿ ಇಲ್ಲದಲ್ಲಿ ಕೂರಿಸಿದ ಹಾಗಾಯಿತು. ಕೆಳಗೆ ಮೇಲೆ ಒಂದೊಂದು ಅಡಿ ಬಿಟ್ಟು ಬಟ್ಟೆ ಕಟ್ಟಿದರೂ ಗಾಳಿ ಹರಿಯುತ್ತದೆ. ಕಡಲಿನ ಬದಿಯನ್ನು ತೆರೆದಿಟ್ಟು ಮರೆಯನ್ನು ನಾಲ್ಕು ಮಾರು ದೂರದಲ್ಲಿ ಬೇರೆ ಪರದೆಯಾಗಿ ಕಟ್ಟಿದರೆ ಇನ್ನೂ ಒಳ್ಳೆಯದು. ಖರ್ಚು ಹೆಚ್ಚೇನೂ ಇಲ್ಲ.

ಇದಕ್ಕಿಂತ ದೊಡ್ಡ ವಿಷಯ ಯಾರೂ ಮೈಕಿನಲ್ಲಿ ಹೇಳುವುದಿಲ್ಲ. ಅದು ಶೌಚಾಲಯ. ಮೈದಾನದಲ್ಲಿ ಹೆಂಗಸರಿಗೆ ಸರಿಯಾದ ಟಾಯ್ಲೆಟ್ ಇಲ್ಲ ಅಂತ ಗೊತ್ತಿರುವ ಕಾರಣಕ್ಕೇ ಎಷ್ಟೋ ಮಂದಿ ಮನೆಯಿಂದ ಹೊರಡುವ ಮೊದಲೇ ನೀರು ಕಡಿಮೆ ಮಾಡುತ್ತಾರೆ. ಅಲ್ಲಿಗೆ ಬಂದ ಮೇಲೂ ಕುಡಿಯುವುದಿಲ್ಲ. ಎಷ್ಟು ಶರಬತ್ತು ಹಂಚಿದರೂ ಅದು ಮಕ್ಕಳ ಕೈಗೆ ಹೋಗುತ್ತದೆ. ನೀರಿನ ಕ್ಯಾನ್ ಎಷ್ಟು ಬೇಕು ಅಂತ ಲೆಕ್ಕ ಹಾಕುವ ಸಮಿತಿ ಬಕೆಟ್, ಮಗ್, ಚಿಲಕ ಇರುವ ಟಾಯ್ಲೆಟ್ ಎಷ್ಟು ಅಂತಲೂ ಲೆಕ್ಕ ಹಾಕದಿದ್ದರೆ ಮೊದಲ ಲೆಕ್ಕವೂ ದಂಡ.

ನೀರಿನ ಲೆಕ್ಕ ಸುಲಭ. ಈ ಸೆಕೆಯಲ್ಲಿ ಸುಮ್ಮನೆ ಕೂತವರಿಗೂ ಗಂಟೆಗೆ ಅರ್ಧ ಲೀಟರ್ ಹಿಡಿಯಿರಿ. ಸಾವಿರ ಜನ, ನಾಲ್ಕು ಗಂಟೆ ಅಂದರೆ 2,000 ಲೀಟರ್. 20 ಲೀಟರಿನ ನೂರು ಕ್ಯಾನ್. 'ಮೂವತ್ತು ಸಾಕು, ಬಾಕಿ ಬೇಕಾದ್ರೆ ಆಮೇಲೆ ತರುವ' ಅನ್ನುವುದು ನಡೆಯುವುದಿಲ್ಲ. ಭಾನುವಾರ ಹನ್ನೆರಡು ಗಂಟೆಗೆ ಯಾವ ಅಂಗಡಿಯಲ್ಲೂ ಎಪ್ಪತ್ತು ಕ್ಯಾನ್ ರೆಡಿ ಇರುವುದಿಲ್ಲ. ಕ್ಯಾನ್ ಒಂದೇ ಮೂಲೆಯಲ್ಲಿಟ್ಟರೆ ಅಜ್ಜಂದಿರು ಎದ್ದು ಬಂದು ಕುಡಿಯುವುದೂ ಇಲ್ಲ. ಯುವಕರು ಸಾಲಿನ ನಡುವೆ ಕೊಂಡುಹೋಗಿ ಕೊಡಬೇಕು.

ಬರೀ ನೀರಲ್ಲ, ಸ್ವಲ್ಪ ಉಪ್ಪೂ ಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿ ತಿಳಿ, ಉಪ್ಪು-ಸಕ್ಕರೆ ಎರಡೂ ಇರುವ ಲಿಂಬೆ ಶರಬತ್ತು, ಪುನರ್ಪುಳಿ ಇವೆಲ್ಲ ನಮ್ಮಲ್ಲಿ ಇದ್ದದ್ದೇ. ಬೊಂಡ ಒಳ್ಳೆಯದು, ಆದರೆ ಸಾವಿರ ಜನಕ್ಕೆ ಬೊಂಡ ತರಿಸುವ ಬಜೆಟ್ ಯಾರಿಗಿದೆ? ತುಂಬಾ ಬೆವರಿದವರಿಗೆ ಓಆರ್‌ಎಸ್. ಇಲ್ಲಿ ಅಂಗಡಿಗೆ ಹೋಗುವವರು ಸ್ವಲ್ಪ ಹುಷಾರಾಗಿರಬೇಕು. ಬಣ್ಣಬಣ್ಣದ ಟೆಟ್ರಾ ಪ್ಯಾಕಿನ ಮೇಲೆ 'ಓಆರ್‌ಎಸ್' ಅಂತ ಹೆಸರು ಹಾಕಿ ಬರೀ ಸಕ್ಕರೆ ನೀರು ಮಾರಿದ್ದು ವರ್ಷಗಟ್ಟಲೆ ನಡೆಯಿತು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸುವುದನ್ನೇ ನಿಷೇಧಿಸಿತು. ನಿಜವಾದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ, ಒಂದು ಲೀಟರ್ ನೀರಿಗೆ ಹಾಕುವ 20.5 ಗ್ರಾಮಿನ ಪುಡಿ ಪ್ಯಾಕೆಟ್. ಅದರಲ್ಲಿ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ ಇರುತ್ತದೆ. ಟೆಟ್ರಾ ಪ್ಯಾಕಿಗಿಂತ ಅಗ್ಗವೂ ಹೌದು. ಅದೂ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾ ಚಮಚ, ಊಟದ್ದಲ್ಲ.

ಐಸಿನ ಬಗ್ಗೆ ಒಂದು ಮಾತು. ಮೀನಿಗೆ ಹಾಕುವ ಬ್ಲಾಕ್ ಐಸ್ ಕುಡಿಯುವುದಕ್ಕಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಶರಬತ್ತಿನ ಡ್ರಮ್ಮಿಗೆ ಒಡೆದು ಹಾಕಿದರೆ ಹೊಟ್ಟೆನೋವು, ಹಳದಿ ಕಾಮಾಲೆ ಊರಿಡೀ ಹಬ್ಬಬಹುದು. ಆದರೆ ಅದೇ ಐಸಿನ ಎರಡು ಬ್ಲಾಕ್ ಮೈದಾನದ ಮೂಲೆಯಲ್ಲಿ ಬೇರೆಯೇ ಇಟ್ಟಿರುವುದು ಒಳ್ಳೆಯದು. ಯಾಕೆಂದು ಈಗ ನೋಡೋಣ.

ಸೆಕೆ ತಾಗಿದವರಲ್ಲಿ ಎರಡು ಹಂತ ಇದೆ. ಮೊದಲನೆಯದು ಸುಸ್ತು. ವಿಪರೀತ ಬೆವರು, ತಲೆನೋವು, ವಾಕರಿಕೆ, ಕಾಲು ಸೆಳೆತ, ತಲೆ ತಿರುಗುವುದು. ಆದರೆ ಮಾತು ಸರಿ ಇರುತ್ತದೆ, ಹೆಸರು ಕೇಳಿದರೆ ಹೇಳುತ್ತಾರೆ. ಇವರನ್ನು ಗಾಳಿ ಇರುವ ನೆರಳಿಗೆ ಕರೆದುಕೊಂಡು ಹೋಗಿ, ಕಾಲು ಸ್ವಲ್ಪ ಎತ್ತರಕ್ಕಿಟ್ಟು ಮಲಗಿಸಿ, ಮೈ ಒದ್ದೆ ಮಾಡಿ, ಗುಟುಕು ಗುಟುಕಾಗಿ ಕುಡಿಸಿದರೆ ಅರ್ಧ ಗಂಟೆಯಲ್ಲಿ ಸುಧಾರಿಸುತ್ತಾರೆ. ಸುಧಾರಿಸದಿದ್ದರೆ ಆಸ್ಪತ್ರೆ.

ಎರಡನೆಯದು ಹೀಟ್ ಸ್ಟ್ರೋಕ್. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮೆದುಳಿಗೆ ಪೆಟ್ಟು ಬೀಳುವ ಹಂತ. 'ಬೆವರು ನಿಂತು ಮೈ ಒಣಗಿದರೆ ಮಾತ್ರ ಸ್ಟ್ರೋಕ್' ಅಂತ ಹಲವರು ನಂಬಿದ್ದಾರೆ. ಆಟ ಆಡಿದವರಲ್ಲಿ, ಓಡಾಡಿ ಕೆಲಸ ಮಾಡಿದ ವಾಲಂಟಿಯರ್‌ಗಳಲ್ಲಿ ಬೆವರು ಸುರಿಯುತ್ತಿರುವಾಗಲೇ ಸ್ಟ್ರೋಕ್ ಆಗುತ್ತದೆ. ನೋಡಬೇಕಾದ್ದು ಬೆವರನ್ನಲ್ಲ, ತಲೆಯನ್ನು. ಸಂಬಂಧ ಇಲ್ಲದ ಮಾತು, ಸಿಟ್ಟು, ಕುಡಿದವರ ಹಾಗೆ ತೂರಾಡುವುದು, ಎಲ್ಲಿದ್ದೇನೆ ಅಂತ ಗೊತ್ತಾಗದಿರುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು. ಇದರಲ್ಲಿ ಒಂದು ಕಂಡರೂ ಕಾಯಬಾರದು.

ಇಲ್ಲಿ ನಮ್ಮ ಹುಡುಗರು ಮಾಡುವ ಕೆಲಸ ಒಂದೇ. ಎತ್ತಿ ಕಾರಿಗೆ ಹಾಕಿ, ಹೆಡ್‌ಲೈಟ್ ಆನ್ ಮಾಡಿ, ಹಾರ್ನ್ ಹೊಡೆಯುತ್ತಾ ಮಂಗಳೂರಿಗೆ ಓಡುವುದು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಹೀಟ್ ಸ್ಟ್ರೋಕಿನಲ್ಲಿ ಜೀವ ಉಳಿಯುವುದು ಮೈ ಎಷ್ಟು ಬೇಗ ತಣ್ಣಗಾಯಿತು ಎಂಬುದರ ಮೇಲೆ. ಮೊದಲ ಅರ್ಧ ಗಂಟೆಯಲ್ಲಿ ಉಷ್ಣತೆ 39ಕ್ಕಿಂತ ಕೆಳಗೆ ಬರಬೇಕು. ಆ ಅರ್ಧ ಗಂಟೆ ಹೈವೇ ಬ್ಲಾಕಿನಲ್ಲಿ ಕಳೆದರೆ ಆಸ್ಪತ್ರೆ ಎಷ್ಟು ದೊಡ್ಡದಿದ್ದರೂ ಕಷ್ಟ. ಒಬ್ಬ 108ಕ್ಕೆ ಫೋನ್ ಮಾಡಲಿ, ಉಳಿದವರು ಅಲ್ಲೇ, ಆ ಕ್ಷಣದಲ್ಲೇ ತಂಪು ಮಾಡಲಿ.

ಹೇಗೆ? ಶಾಮಿಯಾನದವರ ಬಳಿ ಟಾರ್ಪಲ್ ಇದ್ದೇ ಇರುತ್ತದೆ. ಕುಸಿದ ಯುವಕನನ್ನು ಅದರ ನಡುವೆ ಮಲಗಿಸಿ, ಸುತ್ತ ನಾಲ್ಕೈದು ಮಂದಿ ಅಂಚನ್ನು ಎತ್ತಿ ಹಿಡಿದರೆ ಅದೇ ಒಂದು ತೊಟ್ಟಿ. ಅದಕ್ಕೆ ನೀರು ಸುರಿದು, ಮೂಲೆಯಲ್ಲಿಟ್ಟ ಮೀನಿನ ಐಸ್ ಒಡೆದು ಹಾಕಿ, ಮೈಮೇಲೆ ನೀರು ಆಡಿಸುತ್ತಾ ಇರಬೇಕು. ತಲೆ ಮಾತ್ರ ಮೇಲೆ ಇರಲಿ, ಒಬ್ಬ ಅದನ್ನೇ ಹಿಡಿದುಕೊಳ್ಳಲಿ. ಕ್ರೀಡಾ ವೈದ್ಯರು ಮೈದಾನದಲ್ಲಿ ಬಳಸುವ ವಿಧಾನ ಇದು. ವಯಸ್ಸಾದವರಿಗೆ, ಹೃದ್ರೋಗ ಇದ್ದವರಿಗೆ ಐಸ್ ನೀರಿನ ತೊಟ್ಟಿ ಬೇಡ. ಅವರ ಮೈಗೆ ಸಾದಾ ನೀರು ಸುರಿಯುತ್ತಾ ಜೋರಾಗಿ ಗಾಳಿ ಹಾಕುವುದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡುವುದು. ಹೆಂಗಸರಾದರೆ ಉಟ್ಟ ಬಟ್ಟೆಯ ಮೇಲೆಯೇ ನೀರು ಸುರಿದರೂ ಆಗುತ್ತದೆ, ಸುತ್ತ ಹೆಂಗಸರೇ ನಿಂತು ಪರದೆ ಹಿಡಿದರೆ ಮುಗಿಯಿತು. ನಾಚಿಕೆಯ ಹೆಸರಿನಲ್ಲಿ ಹತ್ತು ನಿಮಿಷ ಕಳೆಯಬಾರದು.

ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಡುವುದೂ ಬೇಡ. ಇದು ಜ್ವರದ ಬಿಸಿಯಲ್ಲ, ಮಾತ್ರೆಯಿಂದ ಇಳಿಯುವುದಿಲ್ಲ. ಮೊದಲೇ ಪೆಟ್ಟು ತಿಂದಿರುವ ಲಿವರಿಗೆ ಇನ್ನೊಂದು ಹೊರೆ ಅಷ್ಟೇ.

ಯಾರ ಮೇಲೆ ಹೆಚ್ಚು ಕಣ್ಣಿಡಬೇಕು ಅಂತ ಕೇಳಿದರೆ ಮಕ್ಕಳು, ಮುದುಕರು ಅಂತ ಎಲ್ಲರೂ ಹೇಳುತ್ತಾರೆ. ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು, ಶುಗರ್ ಇರುವವರು ಕೂಡ ಆ ಪಟ್ಟಿಯಲ್ಲಿದ್ದಾರೆ. ಇನ್ಸುಲಿನ್ ಪೆನ್ನನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟರೆ ಔಷಧಿಯೇ ಕೆಟ್ಟಿತು. ನಿಂತ ಕಾರಿನ ಒಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಮಲಗಿದ ಮಗುವನ್ನು 'ಈಗ ಬರ್ತೇನೆ' ಅಂತ ಬಿಟ್ಟು ಹೋಗುವುದಂತೂ ಊಹಿಸಲೂ ಬಾರದ ವಿಷಯ. ಯಾರ ಗಮನಕ್ಕೂ ಬಾರದವರು ಇನ್ನಿಬ್ಬರು. ರಸ್ತೆಯಲ್ಲಿ ಪಾರ್ಕಿಂಗ್ ನೋಡುವ ಹುಡುಗ ಮತ್ತು ಬಿರಿಯಾನಿಯ ದಮ್ ಎದುರು ನಿಂತ ಅಡುಗೆಯವರು. ಕಾರ್ಯಕ್ರಮ ಮುಗಿಯುವವರೆಗೆ ಅವರಿಗೆ ಕೂರಲು ಜಾಗವೂ ಇಲ್ಲ, ಬದಲಿ ಜನವೂ ಇಲ್ಲ. ಮತ್ತೆ ಟರ್ಫ್. ಮಧ್ಯಾಹ್ನದ ಬಿಸಿಲಲ್ಲಿ ಕೃತಕ ಹುಲ್ಲಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಹಗಲು ಬುಕಿಂಗ್ ಕಡಿಮೆ ರೇಟಿಗೆ ಸಿಗುತ್ತದೆ ಅಂತ ಹನ್ನೆರಡು ಗಂಟೆಗೆ ಮ್ಯಾಚ್ ಇಡುವವರು ಒಮ್ಮೆ ಬರಿಗಾಲಲ್ಲಿ ನಿಂತು ನೋಡಲಿ.

ಕೊನೆಗೆ ಎಲ್ಲ ಬಂದು ನಿಲ್ಲುವುದು ಗಡಿಯಾರದ ಮುಂದೆ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಬೇಸಿಗೆಯಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ನೇರ ಬಿಸಿಲಿಗೆ ಬೀಳಬೇಡಿ ಅನ್ನುತ್ತದೆ. ಬಿಸಿಲಲ್ಲಿ ದುಡಿಯುವ ಕೂಲಿಯವರಿಗೂ ಕೇರಳದ ಕಾರ್ಮಿಕ ಇಲಾಖೆ 12ರಿಂದ 3ರ ತನಕ ವಿಶ್ರಾಂತಿ ಕಡ್ಡಾಯ ಮಾಡುತ್ತದೆ. ಕಾಸರಗೋಡಿನಲ್ಲಿ ಕಲ್ಲು ಹೊರುವವನಿಗೆ ಆ ಹೊತ್ತಿನಲ್ಲಿ ಬಿಡುವು ಇದೆ, ಸ್ವಾಗತಕ್ಕೆ ನಿಂತ ಎಂಟು ವರ್ಷದ ಮಗುವಿಗೆ ಇಲ್ಲ! 2024ರ ಬೇಸಿಗೆಯಲ್ಲಿ ಮಕ್ಕಾ, ಮದೀನಾದ ಹರಂಗಳಲ್ಲೇ ಜುಮಾದ ಖುತ್ಬಾ ಮತ್ತು ನಮಾಝನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ದರು. 2025ರ ಹಜ್‌ನಲ್ಲಿ ಅರಫಾದ ದಿನ 10ರಿಂದ 4ರವರೆಗೆ ಟೆಂಟಿನಿಂದ ಹೊರಗೆ ಬರಬೇಡಿ ಅಂದರು. ಕಡು ಸೆಕೆಯಲ್ಲಿ ಲುಹರ್ ಜಮಾಅತನ್ನು ಸ್ವಲ್ಪ ತಂಪಾಗುವ ತನಕ ತಡಮಾಡುವುದು ಫಿಖ್ಹ್‌ನಲ್ಲೇ ಇರುವ ವಿಷಯ. ಹೀಗಿರುವಾಗ ಕಾರ್ಡಿನಲ್ಲಿ ಹೆಸರಿರುವ ಹದಿನಾಲ್ಕು ಮಂದಿಯೂ ಎರಡೆರಡು ಮಾತು ಆಡಲೇಬೇಕು ಎಂಬ ನಿಯಮವನ್ನು ಯಾರು ಮಾಡಿದರು?

ಈ ಚರ್ಚೆ ಈಗಲೇ ಆಗಬೇಕಾದ್ದಕ್ಕೆ ಇನ್ನೊಂದು ಕಾರಣ ಇದೆ. ಚಂದ್ರಮಾನದ ವರ್ಷ 10-11 ದಿನ ಹಿಂದೆ ಸರಿಯುವುದರಿಂದ 2026ರಿಂದ 2028ರವರೆಗೆ ಬಕ್ರೀದ್ ಮೇ ತಿಂಗಳಲ್ಲಿ ಬರುತ್ತದೆ, ಆಮೇಲೆ ಏಪ್ರಿಲ್‌ಗೆ. ಮಕ್ಕಾದ ಹಜ್ ಅಲ್ಲಿನ ಕಡು ಬೇಸಿಗೆಯಿಂದ ಮೆಲ್ಲಗೆ ಹೊರಗೆ ಬರುತ್ತಿದೆ. ನಮ್ಮ ಬಕ್ರೀದ್ ನಮ್ಮ ಸೆಕೆಗಾಲದ ಹೊಟ್ಟೆಯೊಳಗೇ ಬರುತ್ತಿದೆ. ಈದ್ ಸಂಗಮ, ಹಬ್ಬದ ಮರುದಿನದ ಟೂರ್ನಿ, ಕಡಲ ತೀರದ ಜನಜಂಗುಳಿ ಎಲ್ಲವೂ ಅದರ ಜೊತೆಗೆ.

ಅಸರ್ ನಮಾಝ್ ಮುಗಿಸಿ ನಾಲ್ಕೂವರೆಗೆ ಶುರು ಮಾಡಿ, ಮಗ್ರಿಬ್‌ಗೆ ಬಿಡುವು ಕೊಟ್ಟು, ಇಶಾದ ಹೊತ್ತಿಗೆ ಊಟ ಬಡಿಸಿದರೆ ಆಗುವುದಿಲ್ಲವೇ ಅಂತ ಕೇಳಿದರೆ ಸಮಿತಿಯಲ್ಲಿ ಎರಡು ಉತ್ತರ ಬರುತ್ತದೆ. ಲೈಟಿಗೆ, ಜನರೇಟರಿಗೆ ಖರ್ಚು. ದೂರದವರಿಗೆ ರಾತ್ರಿ ಬಸ್ ಇಲ್ಲ. ಎರಡೂ ಸುಳ್ಳಲ್ಲ. ಲೈಟಿನ ಖರ್ಚನ್ನು ಹಗಲಿನ ಕೂಲರ್, ಐಸ್, ನೂರು ಕ್ಯಾನ್ ನೀರಿನ ಖರ್ಚಿನಿಂದ ಕಳೆದು ನೋಡಿದರೆ ಉಳಿಯುವುದು ಸಣ್ಣ ಮೊತ್ತ. ಬಸ್ಸಿನ ವಿಷಯ ಸ್ವಲ್ಪ ಕಷ್ಟ. ರಾತ್ರಿ ಬಂದು ಹೋಗಲಾಗದ ಒಳನಾಡಿನ ಊರುಗಳಿಗೆ ಇನ್ನೊಂದು ದಾರಿ, ಬೆಳಗ್ಗೆ ಏಳಕ್ಕೆ ಚಹಾ-ತಿಂಡಿಯ ಜೊತೆ ಶುರು ಮಾಡಿ ಹತ್ತೂವರೆಗೆ ಮುಗಿಸುವುದು. ಅದಕ್ಕೆ ಮುಖ್ಯ ಅತಿಥಿ ಏಳು ಗಂಟೆಗೆ ಬರಬೇಕು. ಬಾರದಿದ್ದರೆ ಅವರಿಲ್ಲದೆ ಶುರು ಮಾಡುವ ಧೈರ್ಯ ಸಮಿತಿಗೆ ಬೇಕು.